ನಗುತ್ತ ಎದ್ದುಹೋದ ಸಾವ್ಕಾರ

ಹಿಂದೆ ಕೂತ ಅವ್ವಂದಿರೇ, ಕೇಳಿಸುತ್ತಿದೆಯೇ? ಕೇಳಿಸದಿದ್ದರೆ ಮುಂದೆ ಬನ್ನಿ, ಜಾಗ ಬೇಕಾದಷ್ಟಿದೆ. ಪ್ರವಚನಕ್ಕೆ ಹಿಂದಿನ ಸಾಲು, ಪ್ರಸಾದಕ್ಕೆ ಮುಂದಿನ ಸಾಲು. ನಿಮ್ಮ ಈ ಪದ್ಧತಿ ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ?

ಇರಲಿ. ನಿನ್ನೆ ಮರ್ಯಾದೆಯ ಮಾತು ಬಂದಿತ್ತು. ಮನುಷ್ಯನಿಗೆ ಮರ್ಯಾದೆ ಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ಎಷ್ಟು ಬೇಕು? ಅಂಗಿಯಷ್ಟು ಬೇಕೋ, ಉಸಿರಿನಷ್ಟು ಬೇಕೋ? ಬರೀ ಬಾಯಿಮಾತಿನಲ್ಲಿ ಹೇಳಿದರೆ ಹೂಂಗುಟ್ಟಿ ಮನೆಗೆ ಹೋಗಿಬಿಡುತ್ತೀರಿ. ಅದಕ್ಕೇ ಒಂದು ದೃಷ್ಟಾಂತ ಹೇಳುತ್ತೇನೆ. ಮೊಬೈಲು ಕೆಳಗಿಟ್ಟು ಕೇಳಿ.

ಒಂದು ಊರು. ಆ ಊರಲ್ಲಿ ಶ್ರೀಮಂತರು ನಾಲ್ಕು ಮಂದಿ ಇದ್ದರು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ಸಾವ್ಕಾರ್ರ ಮನಿ ಎಲ್ಲೈತ್ರೀ?" ಎಂದು ಕೇಳಿದರೆ ಎಲ್ಲರ ಬೆರಳೂ ಒಂದೇ ಮನೆಯ ಕಡೆ ತಿರುಗುತ್ತಿತ್ತು. ಸಾವ್ಕಾರನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು, ಅವನು ಯಾರ ಪೈಕಿ, ಯಾರ ಬೀಗ ಎಂದು ಲೆಕ್ಕ ಹಾಕುತ್ತ ಕೂರುತ್ತೀರಿ.

ಕಥೆಯೊಳಗೆ ಸಾವ್ಕಾರ ಬಂದ ಕೂಡಲೇ ಜಿಪುಣ ಎಂದುಕೊಳ್ಳುತ್ತೀರಲ್ಲ, ಈತ ಹಾಗಲ್ಲ. ಉಣಿಸುವುದರಲ್ಲಿ ಅವನಿಗೆ ಸರಿಸಾಟಿ ಯಾರೂ ಇರಲಿಲ್ಲ. ಕಡೆಯ ಪಂಕ್ತಿ ಎದ್ದು ಕೈ ತೊಳೆಯುವತನಕ ತಾನೊಂದು ತುತ್ತು ಮುಟ್ಟುತ್ತಿರಲಿಲ್ಲ. ಪಂಕ್ತಿಯ ನಡುವೆ ಉಂಡಿಯ ಬುಟ್ಟಿ ಹಿಡಿದು ನಡೆಯುತ್ತ, ಒಬ್ಬೊಬ್ಬರ ಗದ್ದ ಹಿಡಿದು, ತನ್ನ ಕೈಯಿಂದಲೇ ಬಾಯಿಗೆ ಒಂದೊಂದು ಉಂಡಿ ಇಡುತ್ತಿದ್ದ. "ಸಾಕ್ರಿ, ಸಾಕ್ರಿ" ಎಂದವರಿಗೆ ಎರಡು. ಈ ಭಾಗದ ಮದುವೆಗಳಲ್ಲಿ ನೀವೂ ಉಂಡಿದ್ದೀರಿ, ಗೊತ್ತಲ್ಲ? ಅದು ಪ್ರೀತಿ. ದೊಡ್ಡ ಪ್ರೀತಿ. ಆ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ, ಆಮೇಲೆ ಬೈಯುವುದನ್ನೂ ಬೈಯುತ್ತೇನೆ.

ಇಂಥವನಿಗೆ ಒಂದೇ ಒಂದು ರೋಗ. ನಾಲ್ಕು ಮಂದಿಯ ಮುಂದೆ ತನ್ನಲ್ಲಿ ಏನೂ ಕೊರತೆ ಕಾಣಬಾರದು. ಕಣ್ಣು ಮಂದವಾಗಿತ್ತು, ಆದರೆ ಬೀಗರ ಮುಂದೆ ಕನ್ನಡಕ ಹಾಕುತ್ತಿರಲಿಲ್ಲ. ದವಡೆ ಹಲ್ಲು ಮೂರು ಬಿದ್ದಿದ್ದವು, ಕಟ್ಟಿಸಿಕೊಂಡಿರಲಿಲ್ಲ. ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಳು.

"ಹಲ್ಲ ಕಟ್ಟಿಸಿಕೊಳ್ರಿ ಅಂದ್ರ ಏನಾಗೈತ್ರಿ ನಿಮಗ? ರೊಟ್ಟಿ ನುಂಗತೀರಿ, ಅಗಿಯೂದ ಇಲ್ಲ."

"ಸುಮ್ನಿರು. ಹಲ್ಲಿನ ಸೆಟ್ಟು ಹಾಕ್ಕೊಂಡ್ರ ಸಾವ್ಕಾರ ಮುದುಕ ಆದ ಅಂತಾರ."

ಅವನು ಮುಚ್ಚಿಟ್ಟಿದ್ದು ಹಲ್ಲನ್ನಷ್ಟೇ ಅಲ್ಲ. ಅವನಿಗೊಬ್ಬ ತಮ್ಮನಿದ್ದ, ತೀರಿಹೋಗಿದ್ದ. ಆ ತಮ್ಮನ ಮಗಳೊಬ್ಬಳಿದ್ದಳು. ಈ ಕಥೆಯಲ್ಲಿ ನಾನು ಹೆಸರು ಹೇಳುವುದು ಇವಳೊಬ್ಬಳದೇ. ಮಹಾನಂದಾ. ಮರೆಯಬೇಡಿ, ಮಹಾನಂದಾ. ಅಪ್ಪ ಹೋದ ಮೇಲೆ ದೊಡ್ಡಪ್ಪನ ಮನೆಯಲ್ಲಿ ಉಂಡುಟ್ಟು ಇರಬಹುದಿತ್ತು. ಇರಲಿಲ್ಲ. ಅರ್ಜಿ ಹಾಕಿ, ಪರೀಕ್ಷೆ ಪಾಸು ಮಾಡಿ, ಬಸ್ ಕಂಡಕ್ಟರ್ ಆದಳು. ಖಾಕಿ ಹಾಕಿ, ಹೆಗಲಿಗೆ ಚೀಲ ಏರಿಸಿ, ಹನ್ನೆರಡು ವರ್ಷ ಒಂದೇ ಸಮ ದುಡಿದಳು. ತಾಯಿಯನ್ನು ಸಾಕಿದಳು. ಊರೆಲ್ಲ ಅವಳನ್ನು ಮೆಚ್ಚಿತು. ಮೆಚ್ಚದವನು ಯಾರು? ದೊಡ್ಡಪ್ಪ. "ನಮ್ಮ ಮನಿ ಹೆಣ್ಣಮಗಳು ಸೀಟಿ ಊದಕೋತ ಊರೂರು ತಿರಗೂದೇನು?" ಇದು ಅವನ ಸಂಕಟ.

ಸಾವ್ಕಾರನ ಕಿರಿಮಗಳ ಮದುವೆ ಬಂತು. ಬೀಗರು ಬೇರೆ ಜಿಲ್ಲೆಯವರು. ಗಂಡಿನ ತಂದೆ ನಿವೃತ್ತ ಮಾಸ್ತರು, ಶಾಂತ ಸ್ವಭಾವದ ಒಳ್ಳೆಯ ಮನುಷ್ಯ. ಮದುವೆಯಾದ ಮರುದಿನ ಬೀಗರ ಊಟ. ಅಂದು ಬೆಳಿಗ್ಗೆ ಸಾವ್ಕಾರ ಮಹಾನಂದಾಳನ್ನು ಪಕ್ಕಕ್ಕೆ ಕರೆದ.

"ನೋಡವಾ, ಬೀಗರು ಏನ ಮಾಡತಿ ಅಂತ ಕೇಳಿದ್ರ ಮನ್ಯಾಗ ಇರತೀನಿ ಅಂದಬಿಡು. ಕಂಡಕ್ಟರ್ ಸುದ್ದಿ ತಗೀಬ್ಯಾಡ."

ಮಹಾನಂದಾಳಿಗೆ ಬೇಜಾರಾಯಿತು. ಯಾರಿಗೆ ಆಗುವುದಿಲ್ಲ ಹೇಳಿ? ಆದರೂ ದನಿ ಏರಿಸಲಿಲ್ಲ.

"ಸುಳ್ಳು ನನ್ನ ಬಾಯಾಗ ಬರೂದಿಲ್ಲ ದೊಡ್ಡಪ್ಪಾ. ಹಿತ್ತಲದಾಗ ಅಡಗಿ ಕಡೆ ಇರತೀನಿ. ಯಾರೂ ಕೇಳೂದೂ ಇಲ್ಲ, ನಾ ಹೇಳೂದೂ ಇಲ್ಲ."

"ಶಾಣ್ಯಾಕಿ ನೀನು," ಎಂದ ಸಾವ್ಕಾರ. ಅವನಿಗೆ ಹಗುರವಾಯಿತು.

ಮಧ್ಯಾಹ್ನ ಅಂಗಳದ ಪೆಂಡಾಲಿನಲ್ಲಿ ಪಂಕ್ತಿ ಕೂತಿತು. ಇನ್ನೂರು ಮಂದಿ. ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ, ಹಪ್ಪಳ. ಸಾವ್ಕಾರ ಹೊಸ ರುಮಾಲು ಸುತ್ತಿ, ಬುಟ್ಟಿ ಹಿಡಿದು ಬಂದ. ಬುಟ್ಟಿಯ ತುಂಬ ಬೇಸನ್ ಉಂಡಿ. ಸಣ್ಣವಲ್ಲ! "ನನ್ನ ಮನಿ ಉಂಡಿ ಅಂದ್ರ ಬಾಯಿ ತುಂಬಬೇಕು" ಎಂದು ಹೇಳಿ ಮಾಡಿಸಿದ್ದು. ಒಬ್ಬೊಬ್ಬರ ಬಾಯಿಗೂ ಇಡುತ್ತ ಬಂದ. ಬೀಗರ ಕಡೆಯ ಹೆಂಗಸರು ನಕ್ಕು ನಕ್ಕು ಸುಸ್ತಾದರು. ಅವರಲ್ಲೊಬ್ಬಳು ಕೂಗಿದಳು.

"ಮಾಸ್ತರ್ರ, ಕೂತು ನೋಡತೀರೇನು? ಅವರ ಬಾಯಿಗೂ ಒಂದು ಇಡ್ರಿ!"

ಮಾಸ್ತರು ಎದ್ದರು. ಬುಟ್ಟಿಯಲ್ಲಿ ಹುಡುಕಿ ಎಲ್ಲಕ್ಕಿಂತ ದೊಡ್ಡದನ್ನೇ ತೆಗೆದು, ಇಡಿಯಾಗಿ ಸಾವ್ಕಾರನ ಬಾಯಿಗೆ ತುರುಕಿದರು. ತುರುಕಿ ಕೈ ಕೊಡವುತ್ತ ಅಂದರು:

"ಮದವಿ ಮಾತು ಸುರು ಆದಾಗಿಂದ ಇವರ ಮುಂದ ಯಾರದೂ ಮಾತ ನಡದಿಲ್ಲ. ನೋಡ್ರಿ ಈಗ, ಬೀಗರ ಬಾಯಿ ಮುಚ್ಚಿಸೇನಿ!"

ಪೆಂಡಾಲು ಹಾರಿಹೋಗುವಂತೆ ಜನ ನಕ್ಕರು. ಸಾವ್ಕಾರನಿಗೂ ನಗು ತಡೆಯಲಿಲ್ಲ. ಬಾಯಲ್ಲಿ ಇಡೀ ಉಂಡಿ, ಅಗಿಯಲು ದವಡೆ ಹಲ್ಲಿಲ್ಲ, ಮೇಲೆ ನಗು. ನಗುವಾಗ ಏನಾಗುತ್ತದೆ? ಉಸಿರು ಒಳಗೆ ಎಳೆದುಕೊಳ್ಳುತ್ತೇವೆ. ಉಸಿರಿನ ಜೊತೆ ಉಂಡಿಯ ಗಟ್ಟಿ ತುಂಡೂ ಹೋಯಿತು. ಹೋಗಬೇಕಾದ ದಾರಿ ಬಿಟ್ಟು ಗಾಳಿಯ ದಾರಿಯಲ್ಲಿ ಹೋಗಿ ಬಿರಡೆ ಹಾಕಿದಂತೆ ಕೂತುಬಿಟ್ಟಿತು.

ಕೆಮ್ಮಬೇಕೆಂದು ನೋಡಿದ, ಕೆಮ್ಮು ಬರಲಿಲ್ಲ. ಉಸಿರು ಎಳೆದ, ಗಾಳಿ ಬರಲಿಲ್ಲ. ಎದೆ ಏಳುತ್ತದೆ, ಒಳಗೆ ಏನೂ ಹೋಗುವುದಿಲ್ಲ. ಅವನಿಗೆ ಭಯವಾಯಿತು. ಹುಟ್ಟಿದಾಗಿನಿಂದ ಇಂಥ ಭಯ ಆಗಿರಲಿಲ್ಲ.

ಈಗ ಗಮನ ಇಟ್ಟು ಕೇಳಿ. ಎದುರಿಗೆ ಇನ್ನೂರು ಮಂದಿ ಕೂತಿದ್ದಾರೆ. ಒಬ್ಬರ ಭುಜ ಹಿಡಿದು ಅಲ್ಲಾಡಿಸಿದ್ದರೆ ಸಾಕಿತ್ತು. ಗಂಟಲು ಮುಟ್ಟಿ ತೋರಿಸಿದ್ದರೆ ಸಾಕಿತ್ತು. ಸಾವ್ಕಾರ ಏನು ಮಾಡಿದ? ಎದುರಿಗೆ ಮಾಸ್ತರರ ಬಿಳಿ ಅಂಗಿ ನೋಡಿದ. ಫೋಟೋ ಹೊಡೆಯುತ್ತಿದ್ದ ಬೀಗರ ಹೆಂಗಸರನ್ನು ನೋಡಿದ. ಬಾಯಿ ತೆರೆದರೆ ಎಂಜಲು ಬೀಗರ ಮೇಲೆ ಬೀಳುತ್ತದೆ, ಪಂಕ್ತಿಯಲ್ಲಿ ಸಾವ್ಕಾರ ಕಾರಿಕೊಂಡ ಎಂದು ಎರಡು ಜಿಲ್ಲೆಗೆ ಸುದ್ದಿಯಾಗುತ್ತದೆ. ಛೇ, ಬೇಡ! ತುಟಿ ಬಿಗಿಹಿಡಿದು ನಕ್ಕ. ಹೌದು, ನಕ್ಕ! ಎರಡೂ ಕೈ ಮುಗಿದ. "ಒಂದ ನಿಮಿಷ" ಎಂಬಂತೆ ಸನ್ನೆ ಮಾಡಿ, ಹಿತ್ತಲಿನ ಕಡೆ ನಡೆದ.

ಎಲ್ಲರೂ ನೋಡಿದರು. ಯಾರಿಗೂ ಏನೂ ಹೊಳೆಯಲಿಲ್ಲ. ಒಬ್ಬನಂತೂ ಹಿಂದಿನಿಂದ ಕೂಗಿದ, "ಸಾವ್ಕಾರ್ರ, ಬರೂಮುಂದ ತುಪ್ಪ ತರ್ರಿ!"

ಪೆಂಡಾಲಿನಿಂದ ಹಿತ್ತಲಿಗೆ ನಲವತ್ತು ಹೆಜ್ಜೆ. ದಿನಕ್ಕೆ ಹತ್ತು ಸಲ ಓಡಾಡುವ ದಾರಿ, ಅಂದು ಮುಗಿಯಲೊಲ್ಲದು. ಅರ್ಧ ದಾರಿಯಲ್ಲೇ ಕಿವಿ ಗುಂಯ್ಗುಡತೊಡಗಿತು, ಕಣ್ಣಿಗೆ ಕತ್ತಲೆ ಬಂತು. ಗೋಡೆ ಹಿಡಿದುಕೊಂಡು ನಡೆದ. ಸಾಯುತ್ತಿದ್ದೇನೆ ಎಂದು ಅವನಿಗೆ ಗೊತ್ತಾಗಿತ್ತು. ಆದರೂ ನೋಡಿ, ಬಾಗಿಲು ದಾಟುವತನಕ ಬೆನ್ನು ಬಗ್ಗಿಸಲಿಲ್ಲ. ಎಂಥ ಹಟ! ಎಂಥ ಹುಚ್ಚು!

ಹಿತ್ತಲಲ್ಲಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಸಿದ. ಅಡುಗೆ ಭಟ್ಟ ನೋಡಿದ, ಹೆಂಡತಿ ನೋಡಿದಳು, ಸಾವ್ಕಾರನ ಅಕ್ಕ ನೋಡಿದಳು. ಮುಖ ಕಪ್ಪಿಡುತ್ತಿದೆ, ಕಣ್ಣು ಹೊರಗೆ ಬರುತ್ತಿವೆ. ಹೆಂಡತಿ ಓಡಿ ಬಂದಳು.

"ಅಯ್ಯ ನನ್ನಪ್ಪಾ, ನೆತ್ತಿಗೆ ಹತ್ತೇತಿ! ಯಾರೋ ನೆನಸಾಕತ್ತಾರ ನೋಡ!"

ನೆತ್ತಿ ತಟ್ಟಿದಳು. ಅಕ್ಕನೂ ಬಂದು ತಟ್ಟಿದಳು. "ಹಿರೇಮಗಳು ನೆನಸ್ಯಾಳ," ಎಂದಳು ಒಬ್ಬಳು. "ಇಲ್ಲಬೇ, ಮದವಿಗೆ ಬರಾಕಾಗದ ಸೋದರಮಾವ ನೆನಸ್ಯಾನ," ಎಂದಳು ಇನ್ನೊಬ್ಬಳು. ಗಂಟಲಲ್ಲಿ ಉಂಡಿ ಕೂತಿದೆ, ಇವರು ನೆತ್ತಿಯ ಮೇಲೆ ನೆಂಟರ ಪಟ್ಟಿ ಓದುತ್ತಿದ್ದಾರೆ. ನಗಬೇಡಿ! ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ? ನಾನೂ ಚಿಕ್ಕವನಿದ್ದಾಗ ನಮ್ಮವ್ವ ನನ್ನ ನೆತ್ತಿಯನ್ನೇ ತಟ್ಟಿದ್ದು. ನೀರು ಅಡ್ಡದಾರಿಗೆ ಹೋಗಿ ನಾಲ್ಕು ಸಲ ಖೊಕ್ ಖೊಕ್ ಕೆಮ್ಮಿದವನು ತಟ್ಟಿದರೂ ಸುಧಾರಿಸುತ್ತಾನೆ, ತಟ್ಟದಿದ್ದರೂ ಸುಧಾರಿಸುತ್ತಾನೆ. ಯಾಕೆ? ಅವನಿಗೆ ಕೆಮ್ಮು ಇದೆ, ಉಸಿರು ಇದೆ. ಸಾವ್ಕಾರನಿಗೆ ಎರಡೂ ಇರಲಿಲ್ಲ.

ಭಟ್ಟ ತಂಬಿಗೆಯ ತುಂಬ ನೀರು ತಂದು ಬಾಯಿಗೆ ಸುರಿದ. ಇಳಿಯುವುದಾದರೂ ಎಲ್ಲಿಗೆ? ಎಲ್ಲ ಅಂಗಿಯ ಮೇಲೆ ಹರಿಯಿತು. "ಬಾಯಾಗ ಬಟ್ಟ ಹಾಕಿ ತಗೀರಿ," ಎಂದು ಅಕ್ಕ ಬೆರಳು ತುರುಕಲು ಹೋದಳು. ಸಾವ್ಕಾರನ ಮನಸ್ಸು ಒಳಗೇ ಒದ್ದಾಡಿತು. "ನೀರಲ್ಲ, ಉಸಿರು! ನನಗೆ ಉಸಿರಿಲ್ಲ!" ಎಂದು ಕೂಗಬೇಕು. ಕೂಗಲು ಗಾಳಿ ಬೇಕಲ್ಲ? ಇನ್ನೂರು ಮಂದಿಯ ಪಂಕ್ತಿಯನ್ನು ಒಂದೇ ಕೂಗಿಗೆ ಕೂರಿಸುತ್ತಿದ್ದ ಮನುಷ್ಯನಿಗೆ ಹೆಂಡತಿಯ ಹೆಸರು ಹಿಡಿದು ಕರೆಯಲು ಆಗಲಿಲ್ಲ. ಎರಡೂ ಕೈ ತಾವಾಗಿ ಗಂಟಲಿಗೆ ಹೋದವು.

ಆ ಕೈಗಳನ್ನು ನೋಡಿದವಳು ಮಹಾನಂದಾ. ಒಲೆಯ ಆಚೆ ಕೂತು ಎಲೆ ಒರೆಸುತ್ತಿದ್ದಳು. ಇಷ್ಟು ಗದ್ದಲದಲ್ಲಿ ಕೆಮ್ಮಿನ ಸದ್ದು ಮಾತ್ರ ಇಲ್ಲವಲ್ಲ ಎಂಬುದು ಅವಳಿಗೆ ತಟ್ಟನೆ ಹೊಳೆಯಿತು. ಎಲೆ ಅಲ್ಲೇ ಬಿಟ್ಟು ಓಡಿ ಬಂದಳು. ಡಿಪೋದಲ್ಲಿ ಕಂಡಕ್ಟರುಗಳಿಗೆ ಪ್ರಥಮ ಚಿಕಿತ್ಸೆ ಕಲಿಸಿದ್ದರು. ಉಳಿದವರು ಹಿಂದೆ ಕೂತು ಚಹಾ ಕುಡಿದರೆ ಇವಳು ಮುಂದೆ ಕೂತು ಕಲಿತಿದ್ದಳು. ಆದರೆ ಕಲಿತದ್ದು ರಬ್ಬರಿನ ಗೊಂಬೆಯ ಮೇಲೆ. ಜೀವ ಇರುವ ಮನುಷ್ಯನ ಮೇಲೆ ಒಮ್ಮೆಯೂ ಮಾಡಿರಲಿಲ್ಲ. ಆದರೂ ಅವಳು ಎರಡೂ ಕೈಯಲ್ಲಿ ದೊಡ್ಡಪ್ಪನ ಮುಖ ಹಿಡಿದಳು.

"ದೊಡ್ಡಪ್ಪಾ, ಉಸರಾಡಾಕ ಬರತೈತೇನು? ಮಾತಾಡಾಕ ಬರತೈತೇನು?"

ಸಾವ್ಕಾರ ತಲೆ ಅಡ್ಡ ಅಲ್ಲಾಡಿಸಿದ.

"ಎಲ್ಲಾರೂ ಹಿಂದ ಸರೀರಿ! ನೀರ ಕೊಡಬ್ಯಾಡ್ರಿ! ಬಟ್ಟ ಹಾಕಬ್ಯಾಡ್ರಿ! ಭಟ್ಟರ, ನೂರಾ ಎಂಟಕ್ಕ ಫೋನ್ ಹಚ್ಚರಿ!"

ತುಂಬಿದ ಬಸ್ಸಿನಲ್ಲಿ ಹನ್ನೆರಡು ವರ್ಷ ಕೂಗಿ ಹದವಾದ ಗಂಟಲು. ಎಲ್ಲರೂ ಸರಿದರು, ಭಟ್ಟ ಫೋನ್ ಮಾಡಿದ. ದೊಡ್ಡಪ್ಪನನ್ನು ಎಬ್ಬಿಸಿ ನಿಲ್ಲಿಸಿದಳು. ಎಡಗೈ ಅವನ ಎದೆಗೆ ಆನಿಸಿ ಮುಂದಕ್ಕೆ ಬಗ್ಗಿಸಿದಳು. ಬಲ ಅಂಗೈಯ ಬುಡದಿಂದ ಬೆನ್ನಿನ ಎರಡು ರೆಕ್ಕೆ ಎಲುಬುಗಳ ನಡುವೆ ಬಾರಿಸಿದಳು. ದಪ್! ಇನ್ನೊಂದು, ದಪ್!

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಏ ಹುಡುಗಿ, ತಲಿ ನೆಟ್ಟಗೈತಿಲ್ಲೋ? ದೊಡ್ಡಪ್ಪಗ ಹೊಡೀತಿಯೇನ? ಮದವಿ ಮನ್ಯಾಗ?" ಎಂದು ಅವಳ ಕೈ ಹಿಡಿದೇಬಿಟ್ಟಳು.

"ಅತ್ತೀ, ಕೈ ಬಿಡ್ರಿ. ಬೈಯೂದಿದ್ರ ಆಮ್ಯಾಲೆ ಬೈರಿ. ಹೋದ ಜೀವ ತಿರುಗಿ ಬರೂದಿಲ್ಲ."

ಕೈ ಕಿತ್ತುಕೊಂಡು ಮತ್ತೆ ಬಾರಿಸಿದಳು. ಮೂರು. ನಾಲ್ಕು. ಐದು. ಉಂಡಿ ಕದಲಲಿಲ್ಲ.

ಮಹಾನಂದಾ ಹಿಂದಿನಿಂದ ತಬ್ಬಿ ಹೊಟ್ಟೆಗೆ ಕೈ ಹಾಕಿದಳು. ಹೊಕ್ಕುಳದ ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿ ಇಟ್ಟು ಒಳಗೆ ಮೇಲಕ್ಕೆ ಜಗ್ಗಬೇಕು. ಆದರೆ ಸಾವ್ಕಾರನ ಹೊಟ್ಟೆ ನಿಮಗೆ ಗೊತ್ತಿಲ್ಲ! ಐವತ್ತು ವರ್ಷದ ಹೋಳಿಗೆ ತುಪ್ಪ ಅಲ್ಲೇ ಇದೆ. ಅವಳ ಎರಡು ಕೈ ಒಂದಕ್ಕೊಂದು ಸಿಗಲಿಲ್ಲ. ಹೆದರಿದಳು, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಕಲಿಸಿದವರ ಮಾತು ನೆನಪಾಯಿತು. ಹೊಟ್ಟೆ ದೊಡ್ಡದಿದ್ದವರಿಗೆ, ಬಸುರಿಯರಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಕೈಗಳನ್ನು ಕಂಕುಳ ಕೆಳಗಿನಿಂದ ಮೇಲೆ ತಂದು ಎದೆಯ ನಟ್ಟನಡುವಿನ ಎಲುಬಿನ ಮೇಲೆ ಮುಷ್ಟಿ ಇಟ್ಟಳು. ಅದರ ಮೇಲೆ ಇನ್ನೊಂದು ಕೈ. ತನ್ನ ಕಡೆಗೆ ನೇರವಾಗಿ ಜಗ್ಗಿದಳು. ಒಂದು. ಎರಡು. ಸಾವ್ಕಾರನ ಮೊಣಕಾಲು ಮಡಚಿದವು.

"ಭಟ್ಟರ, ಮುಂದಿಂದ ಹಿಡೀರಿ, ಬೀಳಗೊಡಬ್ಯಾಡ್ರಿ!"

ಮೂರು. ನಾಲ್ಕಕ್ಕೆ ಅವಳು ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಜಗ್ಗಿದಳು. ಉಂಡಿಯ ತುಂಡು ಹೊರಗೆ ಹಾರಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಹುಣಸೆಬೀಜದಷ್ಟೂ ಕರಗಿರಲಿಲ್ಲ. ಆಮೇಲೆ ಒಂದು ಸದ್ದು ಬಂತು. ಗೊರಗೊರ ಎಂದು ಗಾಳಿ ಒಳಗೆ ಹೋಗುವ ಸದ್ದು. ಸಾವ್ಕಾರ ಉಸಿರಾಡಿದ. ಕೆಮ್ಮಿದ, ಕಾರಿದ, ಮತ್ತೆ ಉಸಿರಾಡಿದ. ಹಿತ್ತಲಿನ ಹೊಗೆ ಕೂಡಿದ ಗಾಳಿ ಅವನಿಗೆ ಅಮೃತದಂತೆ ಹಿತವಾಯಿತು. ಹೆಂಡತಿ ನೆಲಕ್ಕೆ ಕುಸಿದು ಅತ್ತಳು.

ಎಂಥ ಮಗಳಪ್ಪಾ! ನಾನು ಮಠದಲ್ಲಿ ಬೆಳೆದವನು, ದೊಡ್ಡ ದೊಡ್ಡ ತಪಸ್ಸಿನ ಮಾತು ಆಡುತ್ತೇನೆ. ಆದರೆ ಬೈಗುಳ ಕಿವಿಗೆ ಬೀಳುತ್ತಿರುವಾಗ, ಕೈ ಹಿಡಿದು ಎಳೆಯುತ್ತಿರುವಾಗ, ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿ ನೆನೆಸಿಕೊಂಡು, ಮಾಡುವ ಕೆಲಸ ಬಿಡಲಿಲ್ಲವಲ್ಲ, ಅದಕ್ಕಿಂತ ದೊಡ್ಡ ತಪಸ್ಸು ನನಗೆ ಗೊತ್ತಿಲ್ಲ. ಅವಳಿಗೆ ಶರಣು.

ಕಥೆ ಮುಗಿಯಲಿಲ್ಲ, ಏಳಬೇಡಿ. ಅತ್ತ ಸದ್ದು ಕೇಳಿ ಪಂಕ್ತಿಯಿಂದ ಮಾಸ್ತರು, ಬೀಗರ ಹೆಂಗಸರು ಎಲ್ಲ ಹಿತ್ತಲಿಗೆ ಬಂದರು. ಏನು ಕಂಡರು? ರುಮಾಲು ಕೆಸರಲ್ಲಿ ಬಿದ್ದಿದೆ. ಅಂಗಿ ಒದ್ದೆ, ಮೂಗಲ್ಲಿ ಸಿಂಬಳ, ಕಣ್ಣಲ್ಲಿ ನೀರು. ಸಾವ್ಕಾರ ಒಬ್ಬ ಹೆಣ್ಣುಮಗಳ ತೋಳಿಗೆ ಒರಗಿ ಕೂತಿದ್ದಾನೆ. ಯಾರು ಏನನ್ನು ನೋಡಬಾರದೆಂದು ನಲವತ್ತು ಹೆಜ್ಜೆ ಉಸಿರಿಲ್ಲದೆ ನಡೆದನೋ, ಅವರೇ ಅದನ್ನೆಲ್ಲ ನೋಡಿದರು. ಆಕಾಶ ಬಿತ್ತೇ? ಬೀಳಲಿಲ್ಲ. ಮಾಸ್ತರು ನಡೆದದ್ದು ಕೇಳಿ ತಮ್ಮ ಬಿಳಿ ಅಂಗಿಯ ತುದಿಯಿಂದಲೇ ಅವನ ಮುಖ ಒರೆಸಿದರು.

"ನನ್ನ ಕೈಯಾರ ಇಟ್ಟ ಉಂಡಿ ಬೀಗರ," ಎಂದರು. "ಮೂವತ್ತೈದ ವರ್ಷ ಸಾಲ್ಯಾಗ ಏನೇನೋ ಕಲಿಸಿದೆ. ಇದೊಂದು ನನಗೂ ಬರತಿದ್ದಿಲ್ಲ, ಮಕ್ಕಳಿಗೂ ಕಲಿಸಲಿಲ್ಲ." ಆಮೇಲೆ ಮಹಾನಂದಾಳ ಕಡೆ ತಿರುಗಿದರು. "ನೀ ಯಾರವಾ? ಡಾಕ್ಟರೇನು?"

ಮಹಾನಂದಾ ದೊಡ್ಡಪ್ಪನ ಮುಖ ನೋಡಿದಳು. ಬೆಳಿಗ್ಗೆ ಮಾತು ಕೊಟ್ಟಿದ್ದಳಲ್ಲ, ತುಟಿ ಬಿಚ್ಚಲಿಲ್ಲ. ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಂಡಳು.

ಸಾವ್ಕಾರನಿಗೆ ಆ ಬಗ್ಗಿದ ತಲೆ ನೋಡಲಾಗಲಿಲ್ಲ. ಸಾವು ಗಂಟಲಲ್ಲಿ ಕೂತಾಗಲೂ ಅಷ್ಟು ನೋವಾಗಿರಲಿಲ್ಲ. ಉಸಿರು ಬಂದ ಮೇಲೆ ಆಡುವ ಮೊದಲ ಮಾತು ಯಾವುದಾಗಬೇಕು? ಸುಳ್ಳಾಗಬೇಕೋ, ನಿಜವಾಗಬೇಕೋ? ಅವನು ಅವಳ ಕೈ ಹಿಡಿದ. ದನಿ ಪೂರಾ ಒಡೆದಿತ್ತು.

"ನನ್ನ ತಮ್ಮನ ಮಗಳ್ರಿ, ಮಹಾನಂದಾ. ಬಸ್ ಕಂಡಕ್ಟರ್ ಅದಾಳ. ನಿಮಗ ಗೊತ್ತಾದ್ರ ನನ್ನ ಮಾನ ಹೊಕ್ಕೇತಿ ಅಂತ ನಾನ ಇಲ್ಲಿ ಹಿತ್ತಲದಾಗ ಕುಂದರಿಸಿದ್ದೆ. ತಪ್ಪಾತು. ಮಗಳ, ನಂದು ತಪ್ಪಾತು."

ಮಹಾನಂದಾ ಅತ್ತಳು, ಅತ್ತು ಮುಗಿಸಿ ಕಣ್ಣೊರೆಸಿಕೊಂಡಳು. "ಆತ ಬಿಡ್ರಿ. ಈಗ ದವಾಖಾನಿಗೆ ನಡೀರಿ. ಎದಿ ಗಟ್ಟಿ ಒತ್ತೇನಿ, ಒಳಗ ಎಲುಬಿಗೆ ಪೆಟ್ಟಾಗೇತೋ ಏನೋ ತೋರಸಬೇಕು."

ಸಾವ್ಕಾರನ ಹಳೇ ರೋಗ ಮತ್ತೆ ತಲೆ ಎತ್ತಿತು. "ಪಂಕ್ತಿ ಕುಂತೈತಿ, ಬೀಗರ ಊಟ ಮುಗೀಲಿ..."

"ದೊಡ್ಡಪ್ಪಾ," ಎಂದಳು ಕಂಡಕ್ಟರ್ ದನಿಯಲ್ಲಿ, "ಅಂಬುಲೆನ್ಸ್ ಬಂದೈತಿ. ಏರ್ರಿ ಅಂದ್ರ ಏರ್ರಿ."

ಮಾಸ್ತರು ನಕ್ಕರು, ಬೀಗರ ಹೆಂಗಸರು ನಕ್ಕರು, ಸಾವ್ಕಾರನೂ ನಕ್ಕ. ಈ ಸಲ ಬಾಯಿ ಖಾಲಿ ಇತ್ತು, ಭಯವಿರಲಿಲ್ಲ. ಎಲ್ಲರ ಮುಂದೆ ಅವಳ ಹೆಗಲು ಹಿಡಿದು, ಪಂಕ್ತಿಯ ನಡುವೆಯೇ ನಡೆದು ಹೋಗಿ ಅಂಬುಲೆನ್ಸ್ ಏರಿದ. ಯಾರೂ ತುಪ್ಪ ಕೇಳಲಿಲ್ಲ.

ಇಷ್ಟು ಅವನ ಕಥೆ. ಈಗ ನಿಮ್ಮದು. ಸಾವ್ಕಾರ ದೂರದ ಊರಿನವನು ಎಂದು ನೆಮ್ಮದಿಯಾಗಿ ಕೂತಿದ್ದೀರಲ್ಲ? ನಿಮ್ಮಲ್ಲಿ ಎಷ್ಟು ಮಂದಿ ಗಂಟಲಲ್ಲಿ ಏನೋ ಸಿಕ್ಕಿಸಿಕೊಂಡು ನಗುತ್ತ ಹಿತ್ತಲಿಗೆ ನಡೆಯುತ್ತಿದ್ದೀರಿ? ಎದೆ ನೋವಿದ್ದರೂ ಗ್ಯಾಸು ಎನ್ನುತ್ತೀರಿ. ಕಿವಿ ಕೇಳಿಸದಿದ್ದರೂ ತಲೆ ಆಡಿಸುತ್ತೀರಿ. ದುಡಿದು ತಿನ್ನುವ ಮಗಳನ್ನು ಬೀಗರು ಬಂದರೆ ಒಳಗೆ ಕೂರಿಸುತ್ತೀರಿ. ಯಾರ ಸಲುವಾಗಿ? ಮರುದಿನ ನಿಮ್ಮ ಹೆಸರನ್ನೂ ನೆನೆಯದ ನಾಲ್ಕು ಮಂದಿಯ ಸಲುವಾಗಿ.

ಅದಕ್ಕೇ ಹೇಳುತ್ತೇನೆ. ಉಣ್ಣುವಾಗ ಗಂಟಲಿಗೆ ಸಿಕ್ಕರೆ ಎದ್ದುಹೋಗಬೇಡಿ. ಬಚ್ಚಲಿಗೆ ಹೋಗಬೇಡಿ, ಬಾಗಿಲು ಹಾಕಿಕೊಳ್ಳಬೇಡಿ. ಗಂಟಲ ಮೇಲೆ ಕೈ ಇಟ್ಟು ಪಕ್ಕದವರನ್ನು ಹಿಡಿದು ಜಗ್ಗಿ. ಎಂಜಲು ಬೀಳಲಿ, ತೊಳೆದರೆ ಹೋಗುತ್ತದೆ. ಪಕ್ಕದವರಿಗೆ ಹೀಗಾದರೆ ಮೊದಲು ಕೇಳಿ: ಮಾತಾಡಲು ಬರುತ್ತದೆಯೇ? ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕೈ ಹಚ್ಚಬೇಡಿ. ಕೆಮ್ಮೂ ಇಲ್ಲ, ಮಾತೂ ಇಲ್ಲ ಎಂದರೆ ನೆತ್ತಿ ಬಿಡಿ, ನೀರು ಬಿಡಿ, ಬೆರಳು ಹಾಕಬೇಡಿ. ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಐದು. ಬರಲಿಲ್ಲವೇ, ಹಿಂದಿನಿಂದ ತಬ್ಬಿ, ಹೊಕ್ಕುಳಕ್ಕಿಂತ ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿ ಇಟ್ಟು ಐದು ಸಲ ಜಗ್ಗಿ. ಹೊಟ್ಟೆ ದೊಡ್ಡದಿದ್ದರೆ, ಬಸುರಿಯಾಗಿದ್ದರೆ ಎದೆಯ ಮೇಲೆ. ಮತ್ತೆ ಬೆನ್ನಿಗೆ, ಮತ್ತೆ ಮುಂದಕ್ಕೆ, ಹೊರಗೆ ಬರುವತನಕ ಬಿಡಬೇಡಿ. ಒಬ್ಬರು ಇದನ್ನು ಮಾಡುತ್ತಿರುವಾಗ ಇನ್ನೊಬ್ಬರು ನೂರಾ ಎಂಟಕ್ಕೆ ಫೋನ್ ಮಾಡಿ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಎದೆಯ ನಡುವೆ ಒತ್ತುತ್ತಲೇ ಇರಿ. ಒಂದು ವರ್ಷದೊಳಗಿನ ಕೂಸಾದರೆ ಹೊಟ್ಟೆ ಒತ್ತಲೇಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ, ಬೆನ್ನಿಗೆ ಐದು ಪೆಟ್ಟು, ತಿರುಗಿಸಿ ಎದೆಗೆ ಎರಡು ಬೆರಳಿನಿಂದ ಐದು ಒತ್ತು. ಒಮ್ಮೆ ಕೇಳಿದರೆ ಕೈಗೆ ಬರುವುದಿಲ್ಲ. ದವಾಖಾನೆಯ ನರ್ಸಮ್ಮನ ಹತ್ತಿರ ಹೋಗಿ ಮಾಡಿ ಕಲಿಯಿರಿ. ಮಹಾನಂದಾ ಹಿಂದಿನ ಸಾಲಿನಲ್ಲಿ ಕೂತು ಕಲಿಯಲಿಲ್ಲ.

ಇನ್ನು ಉಣಿಸುವವರಿಗೆ ಒಂದು ಮಾತು. ಬೈಯುತ್ತೇನೆ ಎಂದಿದ್ದೆನಲ್ಲ? ಪ್ರೀತಿಯನ್ನು ತಾಟಿಗೆ ಬಡಿಸಿ, ಬಾಯಿಗೆ ತುರುಕಬೇಡಿ. ಮೊನ್ನೆ ನಾಗರ ಪಂಚಮಿಯಲ್ಲಿ ತೂಗುವ ಜೋಕಾಲಿಯ ಮೇಲೇ ಮಕ್ಕಳ ಬಾಯಿಗೆ ಶೇಂಗಾ ಉಂಡಿ ಇಟ್ಟವರು ನೀವೇ ತಾನೆ? ಕೂತು ತಿನ್ನಲಿ. ಚಿಕ್ಕ ಮಕ್ಕಳಿಗೆ ಶೇಂಗಾ ಕುಟ್ಟಿ ಕೊಡಿ, ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡಿ. ಹಲ್ಲು ಹೋದ ಹಿರಿಯರು ನಾಚಿಕೆ ಬಿಟ್ಟು ಹಲ್ಲು ಕಟ್ಟಿಸಿಕೊಳ್ಳಿ.

ಪ್ರಸಾದದ ಗಂಟೆ ಯಾವಾಗ ಹೊಡೆಯುತ್ತದೆಂದು ಅತ್ತಿತ್ತ ನೋಡುತ್ತಿದ್ದೀರಿ, ಕಂಡೆ. ಒಂದು ನಿಮಿಷ ತಡೆಯಿರಿ. ನಿಮ್ಮ ಪಕ್ಕ ಕೂತವರ ಬೆನ್ನ ಮೇಲೆ ಅಂಗೈ ಇಡಿ. ಎರಡು ರೆಕ್ಕೆ ಎಲುಬುಗಳ ನಡುವೆ. ಸಿಕ್ಕಿತೇ? ಅವ್ವಂದಿರೇ, ನೀವೂ ಇಡಿ. ನಾಚಬೇಡಿ, ಇದು ಜೀವ ಉಳಿಸುವ ಜಾಗ.

ಎಲ್ಲರೂ ಇಟ್ಟಿರಾ? ಇಲ್ಲ. ನಾನು ನೋಡುತ್ತಿದ್ದೇನೆ. ಮಾತು ಬಿಟ್ಟ ಅಣ್ಣತಮ್ಮಂದಿರು ಇದ್ದೀರಿ, ಮುಖ ತಿರುಗಿಸಿ ಕೂತ ಅತ್ತೆಸೊಸೆಯರು ಇದ್ದೀರಿ. ಪಕ್ಕದವರು ಯಾವ ಓಣಿಯವರು ಎಂದು ನೋಡಿ ಕೈ ಹಿಂದೆ ತೆಗೆದವರೂ ಇದ್ದೀರಿ. ಉಸಿರು ಕಟ್ಟಿದಾಗ ನಾಲ್ಕು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅಷ್ಟರೊಳಗೆ ನಿಮಗೆ ಬೇಕಾದವರು ಬೇರೆ ಊರಿನಿಂದ ಬರುವುದಿಲ್ಲ. ಪಕ್ಕದಲ್ಲಿ ಇದ್ದವರೇ ಕೈ ಎತ್ತಬೇಕು. ಯಾರ ಬೆನ್ನು ಮುಟ್ಟಲು ನಿಮಗೆ ಈಗ ಮನಸ್ಸಾಗಲಿಲ್ಲವೋ, ಅವರ ಹೆಸರು ಹಿಡಿದು ಒಮ್ಮೆ ಕರೆಯಿರಿ. ಅವರು ಓ ಅಂದ ಮೇಲೆ ಇಬ್ಬರೂ ಕೂಡಿ ಪ್ರಸಾದಕ್ಕೆ ಏಳಿ.